ಇಲಿಯ ಡೋಪಮೈನ್, ತಾತನ ಮಾತ್ರೆ

ಗುಂಪು: ನಮ್ಮನೆ ಮಂದಿ

ದೊಡ್ಡಪ್ಪ: (ಫಾರ್ವರ್ಡ್) ಅಮೆರಿಕದ ವಿಜ್ಞಾನಿಗಳು ಇಲಿಯ ಒಂದೇ ಒಂದು ಜೀನ್ ತೆಗೆದುಹಾಕಿದರು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತುಂಬಿ ತುಳುಕಿತು. ಇಲಿ ಹುಚ್ಚೆದ್ದು ಓಡಿತು! ನಿಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲ್ ಮಾಡುತ್ತಿರುವುದೂ ಇದನ್ನೇ. ಡೋಪಮೈನ್ ಒಂದು ವಿಷ. ಏಳು ದಿನ ಮೊಬೈಲ್ ಬಿಟ್ಟು ಡೋಪಮೈನ್ ಉಪವಾಸ ಮಾಡಿ, ಮೆದುಳು ಶುದ್ಧಿಯಾಗುತ್ತದೆ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಎಲ್ರೂ ಓದಿ. ಮುಖ್ಯವಾಗಿ ಪಿಯುಸಿ ಓದ್ತಿರೋರು.

ತಮ್ಮ: ಓದಿದೆ ದೊಡ್ಡಪ್ಪ.

ಅತ್ತೆ: ಸರಿಯಾಗಿದೆ ಅಣ್ಣ. ನಮ್ಮನೇಲೂ ಇದೇ ಗೋಳು. ಊಟಕ್ಕೆ ಕೂತ್ರೂ ಎಡಗೈಲಿ ಫೋನು.

ಚಿಕ್ಕಮ್ಮ: ಭಾವ, ಒಂದು ಅನುಮಾನ. ಮಾವನೋರಿಗೆ ಪಾರ್ಕಿನ್ಸನ್ಸ್‌ಗೆ ಕೊಡ್ತಿರೋ ಮಾತ್ರೆ ಡೋಪಮೈನ್ ಜಾಸ್ತಿ ಮಾಡೋಕೆ ಅಂತಾನೇ ಅಲ್ವಾ ಡಾಕ್ಟ್ರು ಹೇಳಿದ್ದು? ಈಚೆಗೆ ರಾತ್ರಿ ಅವರಿಗೆ ನಿದ್ದೇನೂ ಇಲ್ಲ. ಎರಡು ಗಂಟೆ ಮಾತ್ರೆ ಕೊಡೋದೋ ಬೇಡ್ವೋ ಅಂತ ಕೂತಿದೀನಿ.

ದೊಡ್ಡಪ್ಪ: ಒಂದೆರಡು ದಿನ ನಿಲ್ಲಿಸಿ ನೋಡೋದ್ರಲ್ಲಿ ತಪ್ಪಿಲ್ಲ ಅನ್ಸುತ್ತೆ. ಅಪ್ಪನಿಗೆ ಹೇಗೂ ಮಾತ್ರೆ ಜಾಸ್ತಿ ಆಗಿದೆ.

ನಾನು: ಚಿಕ್ಕಮ್ಮ, ಮೊದಲು ಮಾತ್ರೆ ಕೊಡಿ. ತಾತನ ಮಾತ್ರೆ ಲೆವೊಡೋಪಾ, ಅದನ್ನ ಹಾಗೆ ಏಕಾಏಕಿ ನಿಲ್ಲಿಸೋ ಹಾಗೇ ಇಲ್ಲ. ಮೈ ಮರಗಟ್ಟಿ, ಜೋರು ಜ್ವರ ಬಂದು ಜೀವಕ್ಕೇ ಅಪಾಯ ಆಗಬಹುದು. ಕೊಟ್ಟಾದ ಮೇಲೆ ಇಲ್ಲಿ ಹಾಕಿ.

ದೊಡ್ಡಪ್ಪ: ನೀನು ಫಾರ್ಮಸಿ ಕಾಲೇಜಲ್ಲಿ ಪಾಠ ಹೇಳ್ತೀಯ, ಒಪ್ಪಿದೆ. ಹಾಗಂತ ಇಲಿ ಪ್ರಯೋಗ ಸುಳ್ಳಾ?

ನಾನು: ಪ್ರಯೋಗ ನಿಜ ದೊಡ್ಡಪ್ಪ. ಅಷ್ಟು ಒಳ್ಳೆ ಕೆಲಸವನ್ನ ಹೀಗೆ ತಿರುಚಿದಾರಲ್ಲ ಅಂತಲೇ ಬೇಜಾರು. ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಕ್ ಕ್ಯಾರನ್ ಅವರ ತಂಡದ್ದು, 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನರಕೋಶ ಹೊರಗೆ ಬಿಟ್ಟ ಡೋಪಮೈನನ್ನ ವಾಪಸ್ ಒಳಗೆ ಎಳ್ಕೊಳ್ಳೋಕೆ ಟ್ರಾನ್ಸ್‌ಪೋರ್ಟರ್ ಅಂತ ಒಂದು ಪ್ರೋಟೀನ್ ಇದೆ. ಅವರು ತೆಗೆದಿದ್ದು ಅದರ ಜೀನನ್ನ. ಹೊರಗೆ ಬಂದ ಡೋಪಮೈನ್ ಮಾಮೂಲಿಗಿಂತ ಕಡಿಮೆ ಅಂದ್ರೂ 100 ಪಟ್ಟು ಹೆಚ್ಚು ಹೊತ್ತು ಅಲ್ಲೇ ಉಳೀತು. ಇಲಿ ಸುಮ್ನಿರದೆ ಓಡಾಡಿದ್ದೂ ನಿಜ.

ದೊಡ್ಡಪ್ಪ: ಮತ್ತೆ? ನಾನು ಕಳಿಸಿದ್ದೂ ಅದೇ ತಾನೆ.

ನಾನು: ಅರ್ಧ ಮಾತ್ರ. ಕೋಶದ ಹೊರಗೆ ಡೋಪಮೈನ್ ಸುಮಾರು 5 ಪಟ್ಟು ಏರಿತ್ತು. ಒಳಗಿನ ದಾಸ್ತಾನು ಮಾಮೂಲಿಯ ಶೇ. 5ರಷ್ಟಕ್ಕೆ ಇಳಿದಿತ್ತು. ವಾಪಸ್ ಬರೋ ದಾರಿ ಮುಚ್ಚಿದ್ರೆ ಉಗ್ರಾಣ ತುಂಬೋದು ಹೇಗೆ? 1999ರಲ್ಲಿ ಅದೇ ತಂಡ ಈ ಇಲಿಗಳಿಗೆ ಮೀಥೈಲ್‌ಫೆನಿಡೇಟ್ ಕೊಟ್ಟಿತು. ಒಂದು ಕಡೆ ಕೂರಲಾರದ, ಗಮನ ನಿಲ್ಲದ ಮಕ್ಕಳಿಗೆ ಡಾಕ್ಟ್ರು ಬರೆಯೋ ಔಷಧಿ ಅದು. ಅದು ಹಿಡಿಯೋದೇ ಆ ಟ್ರಾನ್ಸ್‌ಪೋರ್ಟರನ್ನ, ಈ ಇಲೀಲಿ ಅದೇ ಇಲ್ಲ. ಆದ್ರೂ ಇಲಿ ಶಾಂತವಾಯ್ತು. ಹುಡುಕಿದ್ರೆ ಕೆಲಸ ಮಾಡಿದ್ದು ಸೆರೊಟೋನಿನ್ ಅನ್ನೋ ಮೆದುಳಿನ ಇನ್ನೊಂದು ರಾಸಾಯನಿಕದ ಕಡೆಯಿಂದ! ಒಂದು ಜೀನ್, ಒಂದು ರಾಸಾಯನಿಕ, ಒಂದು ನಡವಳಿಕೆ ಅಂತ ಗೆರೆ ಎಳೆಯೋಕೆ ಆ ಇಲಿನೇ ಬಿಡ್ಲಿಲ್ಲ.

ಚಿಕ್ಕಮ್ಮ: ಕೊಟ್ಟೆ ಕಣೇ. ನೀರು ಕುಡಿಸಿ ಕೂರಿಸಿದೀನಿ.

ನಾನು: ಥ್ಯಾಂಕ್ಸ್ ಚಿಕ್ಕಮ್ಮ. ತಡ ಆಯ್ತು ಅಂತ ಮುಂದಿನ ಸಲ ಎರಡು ಒಟ್ಟಿಗೆ ಕೊಡಬೇಡಿ.

ದೊಡ್ಡಪ್ಪ: ಇಷ್ಟೆಲ್ಲ ಹೇಳಿದ್ಯಲ್ಲ, ಡೋಪಮೈನ್ ಕಡಿಮೆ ಆದ್ರೆ ಒಳ್ಳೇದೇ ಅನ್ನೋದಕ್ಕೆ ಉತ್ತರ ಬರ್ಲಿಲ್ಲ.

ನಾನು: ಡೋಪಮೈನ್ ಪೂರ್ತಿ ಇಲ್ಲದ ಇಲಿಯೂ ಇದೆ ದೊಡ್ಡಪ್ಪ. 1995ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಝೌ ಮತ್ತು ರಿಚರ್ಡ್ ಪಾಮಿಟರ್ ಮಾಡಿದ್ದು. ಡೋಪಮೈನ್ ತಯಾರಿಗೆ ಬೇಕಾದ ಕಿಣ್ವ ಆ ನರಕೋಶಗಳಲ್ಲಿ ಇಲ್ಲದ ಹಾಗೆ ಮಾಡಿದ್ರು. ಮರಿಗಳು ಹುಟ್ಟಿದಾಗ ಸರಿಯಾಗೇ ಇದ್ವು. ಎರಡು ವಾರ ಕಳೀತಿದ್ದ ಹಾಗೆ ಚಟುವಟಿಕೆ ಕುಗ್ಗಿತು, ಬೆಳವಣಿಗೆ ನಿಂತಿತು. ಆಹಾರ ಎದುರಿಗೇ ಇದ್ರೂ ತಿನ್ನೋಕೆ ಹೋಗ್ತಿರ್ಲಿಲ್ಲ. ಹಾಗೇ ಬಿಟ್ರೆ ನಾಲ್ಕು ವಾರದ ಹೊತ್ತಿಗೆ ಹಸಿವಿಂದ ಸಾಯ್ತಿದ್ವು. ಎಲ್-ಡೋಪಾ, ಅಂದ್ರೆ ಲೆವೊಡೋಪಾನೇ, ಚುಚ್ಚಿದ್ರೆ ಎದ್ದು ಓಡಾಡಿ ತಿಂತಿದ್ವು. ಔಷಧಿ ಇಳಿದ ಮೇಲೆ ಮತ್ತೆ ಮೊದಲಿನ ಹಾಗೆ. ಅದಕ್ಕೇ ದಿನಾ ಚುಚ್ಚಿ ಬದುಕಿಸಿಕೊಂಡ್ರು. ತಾತನ ಮಾತ್ರೆಯಲ್ಲಿರೋದು ಅದೇ ವಸ್ತು.

ಚಿಕ್ಕಮ್ಮ: ಅಯ್ಯೋ, ಮಾವನೋರದ್ದೂ ಹೀಗೇ ಅಲ್ವಾ. ಬೆಳಗ್ಗೆ ಮಾತ್ರೆಗೆ ಮುಂಚೆ ಬಚ್ಚಲಮನೆ ಹೊಸ್ತಿಲ ಹತ್ರ ಕಾಲು ಕಿತ್ತಿಡೋಕೇ ಆಗಲ್ಲ, ನೆಲಕ್ಕೆ ಅಂಟಿದ ಹಾಗೆ ನಿಂತುಬಿಡ್ತಾರೆ. ಮಾತ್ರೆ ಹತ್ತಿದ ಮೇಲೆ ಅಂಗಿ ಗುಂಡಿ ತಾವೇ ಹಾಕ್ಕೋತಾರೆ.

ಅತ್ತೆ: ಆದ್ರೆ ಡೋಪಮೈನ್ ಅಂದ್ರೆ ಖುಷಿ ಕೊಡೋದು ಅಂತಾರಲ್ಲೇ. ಆ ಇಲಿಗೆ ಖುಷಿ ಇಲ್ಲದೆ ಊಟ ಬಿಟ್ಟಿತು ಅಂತಾನಾ?

ನಾನು: ಒಳ್ಳೆ ಪ್ರಶ್ನೆ ಅತ್ತೆ. ಪಾಮಿಟರ್ ಅವರಿಗೂ ಅದೇ ಪ್ರಶ್ನೆ ಬಂತು. 2003ರಲ್ಲಿ ಅದೇ ಇಲಿಗಳಿಗೆ ಸಿಹಿನೀರು, ಬರೀ ನೀರು ಎರಡೂ ಇಟ್ಟು ನೋಡಿದ್ರು. ಕುಡಿಯೋಕೆ ಹೋಗೋದೇ ಕಡಿಮೆ, ಆದ್ರೆ ಹೋದಾಗ ಆರಿಸ್ಕೊಂಡಿದ್ದು ಸಿಹಿನೀರನ್ನೇ. ರುಚಿ ಗೊತ್ತಾಗ್ತಿತ್ತು, ಇಷ್ಟಾನೂ ಇತ್ತು. ಎದ್ದು ಹೋಗೋ ಹುರುಪು ಇರ್ಲಿಲ್ಲ. ತಾತನಿಗೆ ಕಾಫಿ ಬೇಡ ಅಂತಲ್ಲ ಅಲ್ವಾ, ಲೋಟದ ಕಡೆ ಕೈ ಹೋಗಲ್ಲ. ಈ ಪ್ರಯೋಗ ಪಾಠ ಮಾಡುವಾಗೆಲ್ಲ ನನಗೆ ತಾತನೇ ಕಣ್ಮುಂದೆ ಬರ್ತಾರೆ.

ದೊಡ್ಡಪ್ಪ: ಸರಿ. ಆದ್ರೆ ಆ ಮಾತ್ರೆ ತಗೊಂಡೋರಿಗೆ ಜೂಜಿನ ಚಟ ಹತ್ತುತ್ತೆ ಅಂತ ಪೇಪರಲ್ಲಿ ಓದಿದೀನಿ. ಅದಕ್ಕೇನಂತೀಯ?

ನಾನು: ಅದು ನಿಜ, ಮುಚ್ಚಿಡೋ ವಿಷಯ ಅಲ್ಲ. ಕೆಲವರಿಗೆ ಜೂಜು, ಮಿತಿ ಇಲ್ಲದ ಖರೀದಿ ಶುರುವಾಗುತ್ತೆ. ಹೆಚ್ಚಾಗಿ ಡೋಪಮೈನ್ ಅಗೊನಿಸ್ಟ್ ಅನ್ನೋ, ಡೋಪಮೈನ್ ಹಾಗೇ ಕೆಲಸ ಮಾಡೋ ಗುಂಪಿನ ಮಾತ್ರೆಗಳಿಂದ. ಕಂಡ್ರೆ ಡಾಕ್ಟ್ರಿಗೆ ಹೇಳಬೇಕು, ಅವರು ಹಂತ ಹಂತವಾಗಿ ಬದಲಾಯಿಸ್ತಾರೆ. ನಾವೇ ನಿಲ್ಲಿಸೋದಲ್ಲ. ತಾತನ ನಿದ್ದೆ ವಿಷಯಾನೂ ಅವರಿಗೇ ಹೇಳೋಣ, ಈ ಕಾಯಿಲೇಲೇ ನಿದ್ದೆ ಕೆಡುತ್ತೆ.

ತಮ್ಮ: ಅಕ್ಕ, ಹಾಗಾದ್ರೆ ಡೋಪಮೈನ್ ಉಪವಾಸ ಸುಳ್ಳಾ?

ನಾನು: ಫೋನ್ ಒಂದು ವಾರ ಬಿಟ್ಟಿರು, ಒಳ್ಳೇದೇ. ನಿದ್ದೆ ಬರುತ್ತೆ, ಓದೋಕೆ ಹೊತ್ತು ಸಿಗುತ್ತೆ. ಅದರಿಂದ ಡೋಪಮೈನ್ ಖಾಲಿ ಆಗಲ್ಲ, ಆಗಲೂಬಾರದು. ನೀನು ಎದ್ದು ಪುಸ್ತಕ ತೆಗೆಯೋಕೂ ಅದೇ ಬೇಕು. ಜೀನ್ ತೆಗೆದ ಇಲಿಗೆ ಹುಟ್ಟಿನಿಂದಲೇ ಆ ವ್ಯವಸ್ಥೆ ಬೇರೆ. ಅದನ್ನ ರೀಲ್ಸ್ ನೋಡೋ ಹುಡುಗನಿಗೆ ಹೋಲಿಸೋದು ತಪ್ಪು.

ದೊಡ್ಡಪ್ಪ: ಆ ಫಾರ್ವರ್ಡನ್ನ ನಮ್ಮ ರಿಟೈರ್ಡ್ ನೌಕರರ ಗುಂಪಿಗೂ ಹಾಕಿದೀನಿ. ಅಲ್ಲೂ ಇಬ್ಬರು ಪಾರ್ಕಿನ್ಸನ್ಸ್‌ಗೆ ಮಾತ್ರೆ ತಗೋತಾರೆ.

ನಾನು: ದೊಡ್ಡಪ್ಪ, ಈಗಲೇ ಅಲ್ಲಿ ಬರೀರಿ, ಸಂಜೆಗೆ ಬಿಡಬೇಡಿ. ಅಳಿಸಿದ್ರೆ ಸಾಲದು, ಓದಿದೋರು ಓದಿಯಾಗಿರುತ್ತೆ. "ಮೇಲಿನ ಸಂದೇಶ ತಪ್ಪು. ಡೋಪಮೈನ್ ವಿಷ ಅಲ್ಲ. ಪಾರ್ಕಿನ್ಸನ್ಸ್ ಮಾತ್ರೆ ಡಾಕ್ಟ್ರನ್ನ ಕೇಳದೆ ನಿಲ್ಲಿಸಬೇಡಿ." ಇಷ್ಟು ಹಾಕಿ. ಆ ಇಬ್ಬರಿಗೆ ಫೋನೇ ಮಾಡಿ.

ದೊಡ್ಡಪ್ಪ: ಹಾಕಿದೆ. ಒಬ್ಬರಿಗೆ ಫೋನೂ ಮಾಡಿದೆ, ಮಾತ್ರೆ ತಗೊಂಡಿದಾರಂತೆ. ಇನ್ನೊಬ್ಬರು ಎತ್ತಲಿಲ್ಲ, ಅವರ ಮಗನಿಗೆ ಮಾಡ್ತೀನಿ. ಆದ್ರೆ ಊಟದ ಹೊತ್ತಲ್ಲಿ ಫೋನ್ ಬೇಡ ಅನ್ನೋ ಮಾತು ಮಾತ್ರ ನಾನು ವಾಪಸ್ ತಗೊಳ್ಳಲ್ಲ.

ಅತ್ತೆ: ಅದಕ್ಕೆ ನಾನೂ ಸೇರ್ತೀನಿ ಅಣ್ಣ.

ಚಿಕ್ಕಮ್ಮ: ಶನಿವಾರ ಡಾಕ್ಟ್ರ ಹತ್ರ ಹೋಗೋದಿದೆ. ನಿದ್ದೆ ವಿಷಯ ಕೇಳೋಕೆ ನೀನೂ ಬಾರೇ.

ನಾನು: ಬರ್ತೀನಿ ಚಿಕ್ಕಮ್ಮ. ಅಲ್ಲೀವರೆಗೆ ಮಾತ್ರೆ ಕೊಟ್ಟ ಹೊತ್ತು, ಕಾಲು ಅಂಟೋ ಹೊತ್ತು, ನಿದ್ದೆ ಬಂದ ಹೊತ್ತು ಒಂದು ಹಾಳೇಲಿ ಬರೆದಿಡಿ. ಡೋಸ್ ನಿರ್ಧಾರ ಮಾಡೋಕೆ ಡಾಕ್ಟ್ರಿಗೆ ಅದು ಬೇಕಾಗುತ್ತೆ.