ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ನಾತಕೋತ್ತರ ಓದು: ಅನುಭವ ಇರುವವರು ತಿಳಿಸಿ

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಮುಗಿಸಿ ದಾವಣಗೆರೆಯಲ್ಲಿ ಕೆಲಸ ಮಾಡುತ್ತಿರುವ ನನ್ನ ತಂಗಿಗೆ ಥಾಯ್ಲೆಂಡಿನ ಎಐಟಿಯಲ್ಲಿ (ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಜಿಯೋಟೆಕ್ನಿಕಲ್, ಅಂದರೆ ಕಟ್ಟಡ, ರಸ್ತೆಗಳ ಕೆಳಗಿನ ಮಣ್ಣನ್ನು ಅಭ್ಯಸಿಸುವ ವಿಭಾಗದ ಎರಡು ವರ್ಷಗಳ ಸ್ನಾತಕೋತ್ತರ ಪದವಿಗೆ ಪ್ರವೇಶ ಸಿಕ್ಕಿದೆ. ವಿದ್ಯಾರ್ಥಿವೇತನ ಶುಲ್ಕದ ಒಂದು ಭಾಗಕ್ಕೆ ಮಾತ್ರ. ಉಳಿದದ್ದಕ್ಕೆ ಸಾಲ ಮಾಡಿ ಕಳುಹಿಸಬಹುದೇ?

ಉತ್ತರ: ನಾನು ಅದೇ ವಿಭಾಗದಲ್ಲಿ ಓದಿದವನು. ಮಣ್ಣಿನ ವಿಷಯದಲ್ಲಿ ನಿಮ್ಮ ತಂಗಿಗೆ ನಿಜವಾದ ಆಸಕ್ತಿ ಇದ್ದರೆ ಕಳುಹಿಸಿ ಎಂದೇ ಹೇಳುತ್ತೇನೆ. 1959ರಲ್ಲಿ ಸಿಯಾಟೋ ಎಂಬ ಆಗ್ನೇಯ ಏಷ್ಯಾ ರಕ್ಷಣಾ ಒಕ್ಕೂಟದ ಎಂಜಿನಿಯರಿಂಗ್ ಶಾಲೆಯಾಗಿ ಆರಂಭವಾಗಿ 1967ರಲ್ಲಿ ಸ್ವತಂತ್ರವಾದ ಈ ಸಂಸ್ಥೆ ಸ್ನಾತಕೋತ್ತರ ಓದಿಗೆಂದೇ ಹುಟ್ಟಿದ್ದು, ಅದರ ಬಲ ಇರುವುದು ಏಷ್ಯಾದ ನೆಲ ಮತ್ತು ನೀರಿನ ಸಮಸ್ಯೆಗಳನ್ನು ಹಚ್ಚಿಕೊಂಡು ಮಾಡಿದ ಕೆಲಸದಲ್ಲಿ. ಬ್ಯಾಂಕಾಕ್ ನಿಂತಿರುವುದೇ ನೀರು ತುಂಬಿದ ಮೆತ್ತನೆಯ ಜೇಡಿಮಣ್ಣಿನ ದಪ್ಪ ಪದರದ ಮೇಲೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ನಗರದ ನೆಲ ಕುಸಿಯುತ್ತಿರುವುದನ್ನು 1970ರ ದಶಕದ ಕೊನೆಯಲ್ಲೇ ಇಲ್ಲಿನವರು ಅಧ್ಯಯನ ಮಾಡಿದ್ದರು. ಸುವರ್ಣಭೂಮಿ ವಿಮಾನ ನಿಲ್ದಾಣದ ಜಾಗದಲ್ಲಿ ಮೆತ್ತನೆಯ ನೆಲದ ವರ್ತನೆ ತಿಳಿಯಲು ಕಟ್ಟಿದ ಪರೀಕ್ಷಾ ದಿಬ್ಬಗಳ ಅಧ್ಯಯನದಲ್ಲೂ ಅವರು ಪಾಲ್ಗೊಂಡಿದ್ದರು. ಪ್ರಯೋಗಾಲಯದಲ್ಲಿ ಉಕ್ಕಿನ ಕೊಳವೆಯಿಂದ ಹೊರತಳ್ಳಿದ ಬೂದುಬಣ್ಣದ ಮಾದರಿಯನ್ನು ತಂತಿಯಿಂದ ಕತ್ತರಿಸುವಾಗ ಹಿಡಿತ ಸ್ವಲ್ಪ ಬಿಗಿಯಾದರೂ ಬೆರಳಿನ ಗುರುತು ಮೂಡಿ ಮಾದರಿ ಕೆಡುತ್ತದೆ. ನಮ್ಮ ಎರೆಮಣ್ಣಿನಲ್ಲಿ ಕೈಯಾಡಿಸಿದವರಿಗೂ ಅದು ಬೇರೆಯೇ ಪಾಠ. ನೇಪಾಳ, ಶ್ರೀಲಂಕಾ, ಮ್ಯಾನ್ಮಾರ್, ವಿಯೆಟ್ನಾಂಗಳಿಂದ ಬಂದ ಸಹಪಾಠಿಗಳಲ್ಲಿ ಸರ್ಕಾರಿ ಇಲಾಖೆಗಳ ಅನುಭವವಿದ್ದವರು ಅನೇಕರಿದ್ದು, ಗುಡ್ಡ ಜರಿಯುವ ರಸ್ತೆಯ ಬಗ್ಗೆ ಅವರಿಂದ ಕಲಿತದ್ದು ನನಗೆ ಇಂದಿಗೂ ಕೆಲಸಕ್ಕೆ ಬರುತ್ತಿದೆ.

ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸಾಲದ ಬಗ್ಗೆ ಎಚ್ಚರಿಕೆ ಬೇಕು. ವಿದ್ಯಾರ್ಥಿವೇತನ ಪತ್ರದಲ್ಲಿ ವಸತಿ ಮತ್ತು ಊಟದ ವೆಚ್ಚ ಸೇರಿದೆಯೇ, ಅಂಕ ಕಡಿಮೆಯಾದರೆ ಅದು ನಿಲ್ಲುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಅಲ್ಲದೆ ನಿಮ್ಮ ತಂಗಿ ಮರಳಿ ಬಂದು ಇಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಲು ಅಥವಾ ಸರ್ಕಾರಿ ಹುದ್ದೆಗೆ ಸೇರಲು ಬಯಸಿದರೆ ವಿದೇಶಿ ಪದವಿ ಇಲ್ಲಿನ ಪದವಿಗೆ ಸಮ ಎಂದು ತೋರಿಸುವ ಸಮಾನತಾ ಪ್ರಮಾಣಪತ್ರ ಬೇಕಾಗುತ್ತದೆ. 2025ರಲ್ಲಿ ಯುಜಿಸಿ ಇದಕ್ಕಾಗಿ ಹೊಸ ನಿಯಮಾವಳಿ ಹೊರಡಿಸಿದೆ, ಹೊರಡುವ ಮುನ್ನವೇ ಅದನ್ನು ಓದಿಕೊಳ್ಳುವುದು ಒಳ್ಳೆಯದು. ಖಾಸಗಿ ಕಂಪನಿಗಳಲ್ಲಿ ನನಗೆ ಇದನ್ನು ಯಾರೂ ಕೇಳಲಿಲ್ಲ.

ಉತ್ತರ: ಆವರಣ ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಪಥುಮ್ ಥಾನಿ ಪ್ರಾಂತದಲ್ಲಿದೆ. 2011ರ ಮಹಾಪ್ರವಾಹದಲ್ಲಿ ಅದು ಮುಳುಗಿತ್ತು, ಆದ್ದರಿಂದ ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಪುಸ್ತಕ, ಕಾಗದಪತ್ರಗಳನ್ನು ನೆಲಮಟ್ಟದಲ್ಲಿ ಇಡಬಾರದು. ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ಭಾಷೆಯ ತೊಡಕಿಲ್ಲ. ಸಸ್ಯಾಹಾರಿಯಾಗಿದ್ದರೆ ಹೊರಗಿನ ಅಂಗಡಿಗಳಲ್ಲಿ ಬರೀ ತರಕಾರಿ ಎಂದರೆ ಸಾಲದು, ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಜೇ’ ಎಂದು ಕೇಳಿದರೆ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆ ಸಿಗುತ್ತದೆ.