ಮಗ ‘ಶಿ ಗೋ’ ಅಂತಾನೆ, ಮನೆಯಲ್ಲೂ ಇಂಗ್ಲಿಷ್ ಶುರು ಮಾಡಲಾ?

ಶಿರಸಿ – ಈಗ ಮೆಲ್ಬರ್ನ್:
ಎಲ್ಲರಿಗೂ ನಮಸ್ಕಾರ. ಮಗ ಮೂರನೇ ಕ್ಲಾಸಿನವರೆಗೆ ಶಿರಸಿಯ ಕನ್ನಡ ಶಾಲೆಯಲ್ಲಿ ಓದಿದವನು. ಈಗ ‘ಶಿ ಗೋ’, ‘ಅಜ್ಜಿ ಲಿವ್ ಇನ್ ಶಿರಸಿ’ ಅಂತಾನೆ. ತಿದ್ದಿದರೆ ಎಲ್ಲದಕ್ಕೂ ಎಸ್ ಹಚ್ಚಿ ‘ದೇ ಗೋಸ್’ ಅಂತಾನೆ. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತ ಟೀಚರ್ ಹೇಳಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಕುಮಟಾ – ಟೊರೊಂಟೊ:
ತಂಗಿ, ಗಾಬರಿ ಬೇಡ. ನಮ್ಮಲ್ಲಿ ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ. ಅಲ್ಲಿ ಐ, ಯು, ವಿ, ದೇ ನಾಲ್ಕಕ್ಕೂ ‘ಗೋ’. ಹಿ, ಶಿ, ಇಟ್‌ಗೆ ಮಾತ್ರ ‘ಗೋಸ್’. ಒಬ್ಬರ ಹೆಸರು ಬಂದರೂ ಹಾಗೇ. ಇನ್ನೊಂದು ಗೊಂದಲ ಇದೆ. ನಾಮಪದಕ್ಕೆ ಎಸ್ ಹತ್ತಿದರೆ ಬಹುವಚನ, ಕ್ರಿಯಾಪದಕ್ಕೆ ಹತ್ತಿದರೆ ಏಕವಚನ. ‘ದ ಬೋಟ್ ಕಮ್ಸ್’, ‘ದ ಬೋಟ್ಸ್ ಕಮ್’. ಮತ್ತೆ ನಮ್ಮ ಮರ್ಯಾದೆಯ ಬಹುವಚನ. ‘ಅಜ್ಜಿ ಇರುತ್ತಾರೆ’ ಅಂದು ರೂಢಿಯಾದ ಮಗು ಅಜ್ಜಿಗೆ ‘ಲಿವ್’ ಅನ್ನುವುದು ಸಹಜ. ಇಂಗ್ಲಿಷ್‌ನಲ್ಲಿ ಅಜ್ಜಿಯೂ ಒಬ್ಬರೇ, ‘ಲಿವ್ಸ್’. ಇದನ್ನು ಬಿಡಿಸಿ ಹೇಳಿ, ಅವನಿಗೆ ತಿಳಿಯುತ್ತದೆ.

ಹೊನ್ನಾವರ – ದುಬೈ:
ಟೀಚರ್ ಮಾತು ಕೇಳಲೇಬೇಡಿ! ಮನೆಯಲ್ಲಿ ಕನ್ನಡವೇ ಇರಬೇಕು. ಎಸ್ ಇವತ್ತಲ್ಲ ನಾಳೆ ಬರುತ್ತದೆ, ಹೋದ ಕನ್ನಡ ಬರುವುದಿಲ್ಲ. ನಮ್ಮ ಅಣ್ಣನ ಮಕ್ಕಳು ಊರಿಗೆ ಹೋದರೆ ಅಜ್ಜನ ಹತ್ತಿರ ಎರಡು ಮಾತಾಡಲಾರರು. ಅಪ್ಪ ಜಗಲಿಯಲ್ಲಿ ಕೂತು ಸುಮ್ನೆ ಅವರ ಮುಖ ನೋಡುತ್ತಾರೆ. ನನಗೆ ತಡೆಯಲಾಗುವುದಿಲ್ಲ.

ಕಾರವಾರ – ಲಂಡನ್:
ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಬಾರದೆ ಮೀಟಿಂಗಿನಲ್ಲಿ ಬಾಯಿ ಮುಚ್ಚಿ ಕೂತವನು ನಾನು. ಮಗುವಿಗೆ ಅದು ಬೇಡ. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಂತಲೇ ಬೆಳೆದೆವು. ಇನ್ನೊಂದು ಭಾಷೆ ಸೇರಿದರೆ ಏನಾಗುತ್ತದೆ?

ಹೊನ್ನಾವರ – ದುಬೈ:
ಕೊಂಕಣಿ ಮನೆಯಲ್ಲಿ ಇತ್ತು, ಅದಕ್ಕೇ ಉಳಿಯಿತು ಅಲ್ವಾ? ನಾನು ಹೇಳಿದ್ದೂ ಅದೇ.

ಸಿದ್ದಾಪುರ – ಸಿಂಗಪುರ:
ನಮ್ಮ ಮಗಳು ಇಲ್ಲೇ ಹುಟ್ಟಿದವಳು. ಮನೆಯಲ್ಲಿ ಹವ್ಯಕ ಮಾತು, ‘ಅಮ್ಮ ಬಂದಳು’ ಅನ್ನಲು ‘ಆಯಿ ಬಂತು’ ಅಂತಲೇ ಹೇಳುತ್ತಾಳೆ. ಈ ಸಲ ಯಕ್ಷಗಾನದಲ್ಲಿ ಬಭ್ರುವಾಹನನ ವೇಷ ಮಾಡಿದಳು. ಫೋಟೊ ಹಾಕುತ್ತೇನೆ, ಎಲ್ಲರೂ ನೋಡಿ.

ಅಂಕೋಲಾ – ಬೋಸ್ಟನ್:
ನಾನು ಸ್ಪೀಚ್ ಥೆರಪಿಸ್ಟ್. ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಅವರು ಇಂಗ್ಲಿಷ್ ಮನೆಮಾತಿನ ಮಕ್ಕಳು ಕಲಿಯುವ 14 ವ್ಯಾಕರಣ ಅಂಶಗಳ ಕ್ರಮವನ್ನು 1973ರಲ್ಲಿ ಪ್ರಕಟಿಸಿದರು. ಅದರಲ್ಲಿ ಬಹುವಚನದ ಎಸ್ ಬೇಗ ಬರುತ್ತದೆ, ಕ್ರಿಯಾಪದದ ಎಸ್ ತುಂಬಾ ತಡ. ಆ ಮಕ್ಕಳಿಗೇ ಹಾಗೆ. ಅವನು ‘ಅಜ್ಜಿ ಲಿವ್’ ಅಂದರೆ ತಡೆಯಬೇಡಿ. ‘ಯೆಸ್, ಅಜ್ಜಿ ಲಿವ್ಸ್ ಇನ್ ಶಿರಸಿ’ ಅಂತ ಮಾತು ಮುಂದುವರಿಸಿ. ಕನ್ನಡ ಬಿಡುವ ಅಗತ್ಯ ಇಲ್ಲ.

ಶಿರಸಿ – ಈಗ ಮೆಲ್ಬರ್ನ್:
ಥ್ಯಾಂಕ್ಸ್ ಅಕ್ಕ. ಇವತ್ತು ‘ಡಸ್ ಅಜ್ಜಿ ಲಿವ್ಸ್’ ಅಂದ. ಪ್ರಶ್ನೆಯಲ್ಲೂ ಎಸ್ ಬೇಕಾ?

ಕುಮಟಾ – ಟೊರೊಂಟೊ:
ಬೇಡ. ‘ಡು’ ಹೋಗಿ ‘ಡಸ್’ ಆದಾಗಲೇ ಎಸ್ ಬಂದಾಯಿತು. ‘ಡಸ್ ಅಜ್ಜಿ ಲಿವ್’, ‘ಅಜ್ಜಿ ಡಸಂಟ್ ಲಿವ್’.

ಹೊನ್ನಾವರ – ದುಬೈ:
ಅದನ್ನೆಲ್ಲ ಶಾಲೆಯಲ್ಲಿ ಕಲಿಸಲಿ. ನೀವು ಮೊದಲು ಅಜ್ಜಿಗೆ ಫೋನ್ ಹಚ್ಚಿ ಅವನ ಕೈಗೆ ಕೊಡಿ. ಕನ್ನಡದಲ್ಲಿ ಮಾತಾಡಲಿ.