ಫಾರ್ವರ್ಡ್ ಮಾಡಿದವನ ಡಿಸ್ಕಿನಲ್ಲಿ ಏನಿದೆ?

ರಘು: (ಫಾರ್ವರ್ಡ್ ಮಾಡಿದ ಚಿತ್ರ) “ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಗಾಗ್‌ನಲ್ಲಿ ಕೊಂಡ ಗೇಮ್ ಎಂದೆಂದಿಗೂ ನಿಮ್ಮದೇ. ಇನ್ನೊಂದು ಅಂಗಡಿ ಸ್ಟೀಮ್‌ನಲ್ಲಿ ಕೊಂಡದ್ದು ಬರೀ ಬಾಡಿಗೆ!”

ರಘು: ಎಲ್ಲರೂ ಓದಿ. ನಾನು ಹೇಳಿ ಹೇಳಿ ಸಾಕಾಯಿತು.

ಕಿರಣ: ಅರ್ಧ ಸತ್ಯ ಕಣೋ. ಎರಡೂ ಕಡೆ ಸಿಗೋದು ಲೈಸೆನ್ಸೇ, ಅಂದರೆ ಆಡೋಕೆ ಅನುಮತಿ, ಒಡೆತನ ಅಲ್ಲ. ಗಾಗ್‌ನ ನಿಯಮಗಳನ್ನು ಒಂದು ಸಲ ಓದು.

ರಘು: ಕಾಗದದ ಮೇಲೆ ಏನಾದರೂ ಇರಲಿ, ಕೈಯಲ್ಲಿ ಏನಿದೆ ಹೇಳು. ಗಾಗ್ ಇನ್‌ಸ್ಟಾಲರ್ ಫೈಲನ್ನೇ (ಗೇಮನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವ ಫೈಲ್) ಕೊಡುತ್ತದೆ. ಬ್ರೌಸರ್‌ನಲ್ಲಿ ಇಳಿಸಿ ಎತ್ತಿಟ್ಟುಕೊಂಡರೆ ಮುಗೀತು. ಆಮೇಲೆ ಲಾಗಿನ್ ಬೇಡ, ಗೇಮ್ ಇಳಿಸೋಕೆ, ತೆರೆಯೋಕೆ ಅಂಗಡಿಯವರು ಕೊಡೋ ಲಾಂಚರ್ ಆಪ್ ಬೇಡ. 2008ರಲ್ಲಿ ಶುರುವಾದಾಗಿನಿಂದ ಹೀಗೇ.

ಕಿರಣ: ಸ್ಟೀಮ್‌ನಲ್ಲೂ ಡಿಆರ್‌ಎಂ (ನಕಲು ತಡೆಯೋ ಬೀಗ) ಇಲ್ಲದ ಗೇಮ್‌ಗಳಿವೆ. ಹಾಕಬೇಕೋ ಬೇಡವೋ ಅನ್ನೋದು ಗೇಮ್ ಮಾಡಿದವರ ಇಷ್ಟ. ಕೆಲವನ್ನು ಫೋಲ್ಡರ್ ಸಮೇತ ಬೇರೆ ಕಂಪ್ಯೂಟರಿಗೆ ಹಾಕಿದರೂ ಓಡುತ್ತವೆ.

ಸುಮಾ: ಯಾವುದು ಓಡುತ್ತದೆ ಅಂತ ಕೊಳ್ಳೋ ಮುಂಚೆ ಹೇಗೆ ಗೊತ್ತಾಗಬೇಕು? ಅದನ್ನು ಮೊದಲ ಸಲ ಇಳಿಸೋಕಾದರೂ ಲಾಂಚರ್ ಬೇಕೇ ಬೇಕು ಅಲ್ವಾ?

ಸುಮಾ: ಮನೆ ಬದಲಿಸಿದಾಗ ನಮಗೆ ಒಂದು ವಾರ ನೆಟ್ ಇರಲಿಲ್ಲ. ಒಬ್ಬಳೇ ಆಡೋ ಗೇಮ್. ಲಾಂಚರ್ ತೆರೆದರೆ “ಮೊದಲು ಅಪ್‌ಡೇಟ್ ಆಗಬೇಕು” ಅಂತ ಹಟ ಹಿಡಿದು ಕೂತಿತು. ಯಾವ ಅಂಗಡಿ ಅನ್ನೋದು ಬಿಡಿ.

ಕಿರಣ: ಆಫ್‌ಲೈನ್ ಮೋಡ್ ಹಾಕಬೇಕಿತ್ತು ಮಾರಾಯ್ತಿ.

ಸುಮಾ: ಅದಕ್ಕೂ ಲಾಂಚರ್ ಒಳಗೆ ಹೋಗಬೇಕಲ್ಲ! ಬಾಗಿಲೇ ತೆಗೆಯಲಿಲ್ಲ.

ರಘು: ದಿ ಕ್ರೂ ಅನ್ನೋ ಕಾರ್ ರೇಸ್ ಗೇಮ್ ಮರೆತಿರಾ? 2024ರ ಮಾರ್ಚ್ 31ಕ್ಕೆ ಅದರ ಕಂಪನಿ ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿತು. ಡಿಸ್ಕ್ ಕೊಂಡವರ ಕೈಯಲ್ಲೂ ಬರೀ ತಟ್ಟೆ ಉಳಿಯಿತು.

ಕಿರಣ: ಅದು ಲಾಂಚರ್ ತಪ್ಪಲ್ಲ. ಒಬ್ಬನೇ ಆಡಿದರೂ ಸರ್ವರ್ ಬೇಕು ಅಂತಲೇ ಕಟ್ಟಿದ ಗೇಮ್ ಅದು. ಎರಡನ್ನೂ ಕಲಸಬೇಡ. ನಿನ್ನ ಗಾಗ್ ಕೂಡ 2021ರಲ್ಲಿ ಹಿಟ್‌ಮ್ಯಾನ್ ಅನ್ನೋ ಗೇಮ್ ಮಾರೋಕೆ ಹೋಗಿತ್ತು. ಆಟದ ಅರ್ಧಕ್ಕರ್ಧಕ್ಕೆ ನೆಟ್ ಬೇಕು ಅಂತ ಜನ ರೇಗಿದ ಮೇಲೆ ತೆಗೆದು ಹಾಕಿತು.

ರಘು: ತೆಗೆಯಿತಲ್ಲ! ಬೇರೆಯವರು ತೆಗೆಯುತ್ತಿದ್ದರಾ?

ಕಿರಣ: 😐

ಅನಿತಾ: ಬೆಳಗ್ಗಿಂದ 64 ಮೆಸೇಜು! ನನಗೆ ಲಾಂಚರ್ ಬೇಕಪ್ಪ. ಆಫೀಸಿನ ಲ್ಯಾಪ್‌ಟಾಪಲ್ಲಿ ಬಿಟ್ಟ ಕಡೆಯಿಂದ ಮನೆಯಲ್ಲಿ ಮುಂದುವರಿಸಬಹುದು. ಅಪ್‌ಡೇಟೂ ತಾನಾಗಿಯೇ ಆಗುತ್ತದೆ.

ಸುಮಾ: ಬೇಕಾದವರು ಹಾಕಿಕೊಳ್ಳಲಿ, ಯಾರು ಬೇಡ ಅಂದರು? ಗಾಗ್‌ಗೂ ಗ್ಯಾಲಕ್ಸಿ ಅಂತ ಲಾಂಚರ್ ಇದೆ. ಕ್ಲೌಡ್ ಸೇವ್ (ಬಿಟ್ಟ ಜಾಗವನ್ನು ನೆಟ್ಟಲ್ಲಿ ಉಳಿಸೋದು) ಬೇಕಾದರೆ ಅದು, ಬೇಡವಾದರೆ ಇನ್‌ಸ್ಟಾಲರ್. ನನ್ನ ತಕರಾರು ಇಷ್ಟೇ. ಗೇಮ್ ಶುರುಮಾಡೋಕೆ ಅಂಗಡಿಯವನ ಅಪ್ಪಣೆ ಯಾಕೆ?

ಅನಿತಾ: ಸರಿ. ರಘು, ನಿನ್ನ ಹತ್ತಿರ ಎಷ್ಟು ಇನ್‌ಸ್ಟಾಲರ್ ಇಳಿಸಿಟ್ಟಿದ್ದೀಯ?

ಅನಿತಾ: ರಘು?

ಕಿರಣ: ಓದಿದ್ದಾನೆ. ನೀಲಿ ಟಿಕ್ ಬಂದಿದೆ 😂

ರಘು: ಎಲ್ಲ ಗ್ಯಾಲಕ್ಸಿಯಲ್ಲೇ ಇದೆ. ಬೇಕಾದಾಗ ಇಳಿಸಬಹುದು ಅಂತ ಸುಮ್ನೆ ಬಿಟ್ಟಿದ್ದೆ.

ಕಿರಣ: ಅಂದರೆ ಸೊನ್ನೆ! ನಾಳೆ ಅವರು ಬಾಗಿಲು ಹಾಕಿದರೆ ನೀನೂ ನಾನೂ ಒಂದೇ ದೋಣಿಯಲ್ಲಿ.

ಸುಮಾ: ನನ್ನದು 31 ಇದೆ. ಹಳೇ ಗೇಮ್‌ಗಳೇ ಜಾಸ್ತಿ, ಚಿಕ್ಕವು.

ರಘು: ಈಗ ನೋಡಿದೆ. ಒಂದೇ ಗೇಮಿಗೆ 16 ತುಂಡು, ಒಂದೊಂದೂ ಸುಮಾರು 4 ಜಿಬಿ. ಎಷ್ಟು ದೊಡ್ಡ ಡಿಸ್ಕ್ ತಗೊಳ್ಳಲಿ?

ಸುಮಾ: ಎರಡು ತಗೋ. ನನ್ನದು ಒಂದು ಹೋದ ವರ್ಷ ಕೈಕೊಟ್ಟಿತು.